ಬಾಬಾಜಾನನ ಎಡಗೈ ಒಪ್ಪಿದ ಮಿಷನ್ನು

ಹುಡುಗರು ಮನೆಗೆ ಬರುತ್ತಾರೆ. ಮರದ ಕೆಲಸ ಸ್ವಂತವಾಗಿ ಶುರು ಮಾಡಬೇಕು ಅಂತಿದ್ದೀವಿ, ಯಾವ ಮಿಷನ್ ತಗೊಂಡರೆ ಒಳ್ಳೆಯದು ಎಂದು ಕೇಳುತ್ತಾರೆ. ಕೈಯಲ್ಲಿ ಫೋನು ಇರುತ್ತದೆ. ಅದರಲ್ಲಿ ಯಾವುದೋ ದೇಶದ ಕಾಡಿನಲ್ಲಿ ದೈತ್ಯ ಯಂತ್ರವೊಂದು ಮರವನ್ನು ಎತ್ತಿ, ತೊಗಟೆ ಸುಲಿದು, ತುಂಡು ಹಾಕಿ ಜೋಡಿಸುವ ವಿಡಿಯೋ ಓಡುತ್ತಿರುತ್ತದೆ. ನೋಡಲು ಚೆನ್ನಾಗಿಯೇ ಇದೆ. ಇದು ದೊಡ್ಡಬಳ್ಳಾಪುರದ ಯಾವ ಗಲ್ಲಿಗೆ ನುಗ್ಗುತ್ತದಪ್ಪಾ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಯಂತ್ರದ ಅಂಗಡಿಗೆ ಹೋಗುವ ಮೊದಲು ನಿಮ್ಮ ಗಿರಾಕಿಗಳ ಗೇಟು ಅಳೆದುಕೊಂಡು ಬನ್ನಿ ಎಂದು ಹೇಳಿ ಕಳಿಸುತ್ತೇನೆ. ಕೆಲವರು ಮತ್ತೆ ಬರುವುದಿಲ್ಲ, ಮುದುಕನಿಗೆ ಹೊಸದು ಗೊತ್ತಿಲ್ಲ ಅಂದುಕೊಳ್ಳುತ್ತಾರೇನೋ. ನಿಜವಾಗಿ ಅಳೆದುಕೊಂಡು ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ನಾವು ನಮ್ಮ ಯಂತ್ರ ಹೇಗೆ ಆರಿಸಿದೆವು ಎಂದು ಹೇಳುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಇನ್ನು ಮೇಲೆ ಕಾಫಿ ಉಳಿಯುತ್ತದೆ.

ನಾನು ಕೆಂಪಣ್ಣ. ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿಯವನು. ನಾನು ಮತ್ತು ನನ್ನ ಜೊತೆಗಾರ ಬಾಬಾಜಾನ್ ಸೇರಿ ಬಹಳ ವರ್ಷ ಮರ ನೋಡಿಕೊಳ್ಳುವ ಕೆಲಸ ಮಾಡಿದೆವು. ಕಡಿಯುವ ಕೆಲಸ ಎಂದು ಬರೆದಿಲ್ಲ, ಗಮನಿಸಿ. ಒಣಗಿದ ಕೊಂಬೆ ತೆಗೆಯುವುದು, ಕರೆಂಟಿನ ತಂತಿಗೆ ತಾಗಿದ್ದನ್ನು ಬಿಡಿಸುವುದು, ಸೀಳಿದ ಮರಕ್ಕೆ ಬೋಲ್ಟು ಹಾಕಿ ಕಟ್ಟುವುದು, ಗಾಳಿಗೆ ಬಿದ್ದದ್ದನ್ನು ಎತ್ತುವುದು, ಇವೆಲ್ಲ ನಮ್ಮ ಕೆಲಸ. ನಿಂತ ಮರವನ್ನು ಇಳಿಸಲೇಬೇಕಾಗಿ ಬಂದಾಗ ಅನುಮತಿ ಪತ್ರ ತೋರಿಸಿ ಎನ್ನುತ್ತಿದ್ದೆ. ಅಲ್ಲಿಗೇ ಎಷ್ಟೋ ಜನಕ್ಕೆ ಮರದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬರುತ್ತಿತ್ತು. ಈಗ ಇಬ್ಬರೂ ಕೆಲಸ ಬಿಟ್ಟಿದ್ದೇವೆ. ನನ್ನ ಮಂಡಿ ಸವೆದಿದೆ, ಬಾಯಿ ಇನ್ನೂ ಸವೆದಿಲ್ಲ.

ಮೊದಲು ನಾನು ಸೋಂಪುರದ ಕಡೆ ಒಂದು ಕಾರ್ಖಾನೆಯ ಕಾಂಪೌಂಡಿನಲ್ಲಿ ಮಾಲಿಯಾಗಿದ್ದೆ. ಅಲ್ಲಿ ಶಿವಶಂಕರಯ್ಯ ಎಂಬ ಸೂಪರ್‌ವೈಸರ್ ಇದ್ದರು. ಜೋರು ಮಾತಾಡಿದ್ದನ್ನು ನಾನು ಕಂಡಿಲ್ಲ, ಆದರೆ ಅವರು ಬರುತ್ತಿದ್ದಾರೆ ಎಂದರೆ ಬೀಡಿಗಳು ತಾವಾಗಿಯೇ ಆರಿಹೋಗುತ್ತಿದ್ದವು. ಮರ ಸವರಿ, ಸೊಪ್ಪು ಎತ್ತಿ, ಗುಡಿಸಿ, ಎಲ್ಲ ಮುಗಿಯಿತು ಸಾರ್ ಎಂದು ನಾವು ನಿಂತರೆ ಅವರು ಮರದ ಕಡೆ ನೋಡುತ್ತಲೇ ಇರಲಿಲ್ಲ. ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಚಿ, ಮರದ ಕೆಳಗಿನ ನೆಲದ ಮೇಲೆ ಬರಿಗಾಲಲ್ಲಿ ನಿಧಾನವಾಗಿ ನಡೆಯುತ್ತಿದ್ದರು. ಕಾಲಿಗೆ ಒಂದು ಚಕ್ಕೆ ಚುಚ್ಚಿದರೂ ಸರಿ, ಪೂರ್ತಿ ಮತ್ತೆ ಗುಡಿಸಬೇಕು. ಹೊಸದರಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಸಲ ಮುಖ ಸಿಂಡರಿಸಿದ್ದನ್ನು ಅವರು ನೋಡಿಬಿಟ್ಟರು.

"ನೀನು ಮೇಲೆ ಎಷ್ಟು ಚೆನ್ನಾಗಿ ಕತ್ತರಿಸಿದೆ ಅಂತ ಮರ ಹೇಳುತ್ತೆ ಕಣಯ್ಯಾ, ಅದಕ್ಕೆ ವರ್ಷ ಬೇಕು. ಕೆಳಗೆ ಎಷ್ಟು ಚೆನ್ನಾಗಿ ಮುಗಿಸಿದೆ ಅಂತ ನನ್ನ ಕಾಲು ಈಗಲೇ ಹೇಳುತ್ತೆ" ಎಂದರು.

ಆ ಮಾತಿನ ಬೆಲೆ ನನಗೆ ಆಮೇಲೆ ತಿಳಿಯಿತು. ನಾವು ಸ್ವಂತ ಕೆಲಸ ಶುರು ಮಾಡಿದಾಗ ಅವರ ಬರಿಗಾಲಿನ ಪರೀಕ್ಷೆಯನ್ನು ಹಾಗೇ ತಂದುಕೊಂಡೆವು. ನಮ್ಮಿಬ್ಬರಲ್ಲಿ ಒಬ್ಬರು ಚಪ್ಪಲಿ ಬಿಟ್ಟು ನಡೆಯದೆ ಯಾವ ಮನೆಯಿಂದಲೂ ಹೊರಟಿಲ್ಲ. ಬೇರೆಯವರು ಕಡಿಮೆ ದರಕ್ಕೆ ಮಾಡುತ್ತೇವೆ ಎಂದು ಬಂದರೂ ಹೆಂಗಸರು ನಮ್ಮನ್ನೇ ಕರೆಯಿರಿ ಎನ್ನುತ್ತಿದ್ದರು. ಅಂಗಳದಲ್ಲಿ ಓಡಾಡುವವರು ಅವರೇ ತಾನೆ.

ಬಾಬಾಜಾನ್ ಸಿಕ್ಕಿದ್ದೂ ಅದೇ ಕಾರ್ಖಾನೆಯಲ್ಲಿ. ದೊಡ್ಡಬಳ್ಳಾಪುರ ಪೇಟೆಯವನು, ನನ್ನದೇ ವಯಸ್ಸು. ಅವನ ತಂದೆ ಸಾಮಿಲ್ಲಿನಲ್ಲಿ ದಿಮ್ಮಿ ಕೊಯ್ಯುತ್ತಿದ್ದರು. ಇವನು ಮಾತ್ರ ದಿಮ್ಮಿಯಾಗುವ ಮುಂಚಿನ ಮರವೇ ನನಗೆ ಇಷ್ಟ ಎಂದು ಹತ್ತುವ ಕೆಲಸ ಹಿಡಿದವನು. ಕಾಂಪೌಂಡಿನ ಮಳೆಮರಗಳನ್ನು ಸವರಲು ಗುತ್ತಿಗೆಯ ಮೇಲೆ ಬಂದಿದ್ದ. ಬರಿಗಾಲಲ್ಲೇ ಹತ್ತುತ್ತಿದ್ದ. ಹೊಸ ಕೊಂಬೆಗೆ ಹೋಗುವಾಗ ಮೊದಲು ಒಂದು ಕಾಲಿಟ್ಟು, ಸ್ವಲ್ಪ ಒತ್ತಿ, ಕೊಂಬೆ ಏನನ್ನುತ್ತದೆ ಎಂದು ಕಾದು, ಆಮೇಲೆ ಮೈಭಾರ ಬಿಡುತ್ತಿದ್ದ. ಎಷ್ಟು ಅವಸರವಿದ್ದರೂ ಈ ಕಾಯುವುದನ್ನು ಅವನು ತಪ್ಪಿಸಿದ್ದು ನಾನು ನೋಡಿಲ್ಲ.

ಅವನು ಮೇಲೆ, ನಾನು ಕೆಳಗೆ. ಹಗ್ಗದ ಒಂದು ತುದಿ ಅವನ ಹತ್ತಿರ, ಇನ್ನೊಂದು ನನ್ನ ಕೈಯಲ್ಲಿ. ಆಗ ಕೊಡಲಿ, ಕೈಗರಗಸ, ತೆಂಗಿನ ನಾರಿನ ಹಗ್ಗ. ಆಮೇಲೆ ನೈಲಾನ್ ಹಗ್ಗ ಬಂತು, ಸೊಂಟದ ಪಟ್ಟಿ ಬಂತು, ಚೈನ್ ಗರಗಸ ಬಂತು. ಗರಗಸ ಬಂದ ಮೇಲೆ ಕೂಗಿದ್ದು ಕೇಳಿಸುತ್ತಿರಲಿಲ್ಲ. ಹಾಗಾಗಿ ಹಗ್ಗ ಜಗ್ಗಿಯೇ ಮಾತಾಡುತ್ತಿದ್ದೆವು. ಒಂದು ಜಗ್ಗಿದರೆ ನಿಲ್ಲಿಸು, ಎರಡು ಜಗ್ಗಿದರೆ ಬಿಡು. ಸುಮ್ಮನೆ ಅಲ್ಲಾಡಿಸಿದರೆ ಬೀಡಿ ಕಳಿಸು ಎಂದರ್ಥ.

ಒಮ್ಮೆ ಮಾಕಳಿದುರ್ಗದ ತಪ್ಪಲಲ್ಲಿ ಒಂದು ತೋಟದವರು ಕರೆದರು. ಹಳೇ ಮಾವಿನ ಮರ ನಡುವೆ ಸೀಳಿಕೊಂಡಿತ್ತು. ಕಡಿದು ಸೌದೆ ಮಾಡಿಕೊಡಿ ಎಂದರು. ಬಾಬಾಜಾನ್ ಮೇಲೆ ಹೋಗಿ ಸೀಳಿಗೆ ಕೈಯಿಟ್ಟು ನೋಡಿ, ಇನ್ನೂ ಜೀವ ಗಟ್ಟಿಯಾಗಿದೆ, ಕಟ್ಟಿ ಉಳಿಸೋಣ ಎಂದ. ಭಾರದ ಕೊಂಬೆಗಳನ್ನು ಇಳಿಸಿ, ಎರಡೂ ಹೋಳಿಗೆ ಕಬ್ಬಿಣದ ಸರಳು ತೂರಿಸಿ, ಮೇಲೆ ತಂತಿಹಗ್ಗದಲ್ಲಿ ಬಿಗಿದೆವು. ಇಳಿಸಿದ ಕೊಂಬೆಗಳನ್ನು ಹೊರಗೆ ಸಾಗಿಸಲು ಹೋದರೆ ಬೆಟ್ಟ ಹತ್ತಲು ಬಂದವರ ಕಾರುಗಳು ದಾರಿಯುದ್ದಕ್ಕೂ ನಿಂತಿದ್ದವು. ಗಾಡಿ ಒಳಗೆ ಬರಲಿಲ್ಲ. ಎಲ್ಲವನ್ನೂ ಹೆಗಲ ಮೇಲೆ ಹೊತ್ತೆವು. ಬೆಟ್ಟ ಇಳಿದು ಬಂದ ಕೆಲವರು ನಾವೂ ಹೊರ್ತೀವಿ ಅಂಕಲ್ ಎಂದು ಬಂದು, ಒಂದೊಂದು ರೆಂಬೆ ಹಿಡಿದು, ಫೋಟೋ ತೆಗೆಸಿಕೊಂಡು, ಅಲ್ಲೇ ಇಟ್ಟು ಹೋದರು. ಆ ಮರ ಈಗಲೂ ಕಾಯಿ ಬಿಡುತ್ತಿದೆ. ತೋಟದವರು ಒಂದು ಬುಟ್ಟಿ ನನಗೆ, ಒಂದು ಬುಟ್ಟಿ ಬಾಬಾಜಾನನಿಗೆ ಕಳಿಸುತ್ತಾರೆ. ಅವನ ಬುಟ್ಟಿ ಯಾವಾಗಲೂ ದೊಡ್ಡದು, ಅದು ನ್ಯಾಯವೇ.

ಈ ಕೆಲಸದ ಬಗ್ಗೆ ಯಾರೂ ಮೊದಲು ಹೇಳದ ಒಂದು ವಿಷಯವಿದೆ. ಕತ್ತರಿಸುವುದು ಕೆಲಸದ ಸಣ್ಣ ಭಾಗ. ಮಿಕ್ಕಿದ್ದೆಲ್ಲ ಹೊರುವುದು. ಹಿತ್ತಲಿನಲ್ಲಿ ಮರ, ಬೀದಿಯಲ್ಲಿ ಗಾಡಿ, ನಡುವೆ ಮನೆಯ ಪಕ್ಕದ ಕಿರಿದಾದ ಸಂದಿ. ಹಸಿ ಮಳೆಮರದ ತುಂಡು ಹೊತ್ತು ಆ ಸಂದಿಯಲ್ಲಿ ಅಡ್ಡಡ್ಡ ನಡೆಯಬೇಕು. ಮರದಿಂದ ಬಿದ್ದು ಕೆಲಸ ಬಿಟ್ಟವರಿಗಿಂತ ಹೊತ್ತು ಹೊತ್ತು ಬಿಟ್ಟವರನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಬಾಬಾಜಾನನಿಗೂ ಹಾಗೇ ಆಯಿತು. ಅಷ್ಟು ವರ್ಷ ಮರ ಅವನನ್ನು ಒಮ್ಮೆಯೂ ಬೀಳಿಸಲಿಲ್ಲ. ಪೇಟೆಯಲ್ಲಿ ಒಂದು ಮನೆಯ ಸಂದಿಯಲ್ಲಿ ತುಂಡು ಹೊತ್ತು ತಿರುಗುವಾಗ ಬಲಭುಜದಲ್ಲಿ ಏನೋ ಕಿತ್ತುಹೋಯಿತು. ತುಂಡನ್ನು ಗೋಡೆಗೆ ಒರಗಿಸಿ, ಬೆವರುತ್ತಾ ಅಲ್ಲೇ ಕುಳಿತುಬಿಟ್ಟ.

ಡಾಕ್ಟರು ಫೋಟೋ ತೆಗೆಸಿ ನೋಡಿ, ಇನ್ನು ಮರ ಹತ್ತುವ ಹಾಗಿಲ್ಲ, ಬಲಗೈಯನ್ನು ಭುಜಕ್ಕಿಂತ ಮೇಲೆ ಎತ್ತುವ ಕೆಲಸ ಬೇಡ, ಭಾರವಂತೂ ಬೇಡವೇ ಬೇಡ ಎಂದರು. ಕೆಲವು ದಿನ ಬಿಟ್ಟು ಅವನು ಮನೆಗೆ ಬಂದು, ಸೋಂಪುರದ ಒಂದು ಕಾರ್ಖಾನೆಯಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಕರೆದಿದ್ದಾರೆ ಎಂದ. ಯೂನಿಫಾರ್ಮು, ಬೂಟು ಎಲ್ಲ ಅವರೇ ಕೊಡುತ್ತಾರಂತೆ. ತಿಂಗಳ ಕೊನೆಗೆ ಹೇಳಬೇಕಂತೆ. ಹತ್ತಲು ಬೇರೆಯವರು ಸಿಗುತ್ತಾರೆ, ಗಂಗಾಧರ ಎಂಬ ಒಳ್ಳೆಯ ಕೆಲಸಗಾರ ಆಗಲೇ ನಮ್ಮ ಜೊತೆ ಹತ್ತುತ್ತಿದ್ದ. ಆದರೆ ಬಾಬಾಜಾನ್ ಇಲ್ಲದೆ ಈ ಕೆಲಸ ಮಾಡುವುದನ್ನು ನಾನು ಯೋಚಿಸಿಯೇ ಇರಲಿಲ್ಲ.

ಒಂದು ಯಂತ್ರ ತಗೊಂಡುಬಿಡೋಣ, ಹೊರುವ ಕಷ್ಟವೇ ಇರುವುದಿಲ್ಲ ಎಂದೆ. ನಮ್ಮ ಶಕ್ತಿಗೆ ಒಂದೇ ಯಂತ್ರ ಸಾಧ್ಯವಿತ್ತು. ಒಮ್ಮೆ ತಪ್ಪಿದರೆ ಮತ್ತೊಂದು ಇಲ್ಲ. ಅವನು ನಿನ್ನಿಷ್ಟ ಎಂದ. ಆ ಒಂದೇ ಮಾತಿನಲ್ಲಿ ಅವನು ಆಗಲೇ ಅರ್ಧ ಸೋಂಪುರದಲ್ಲಿದ್ದ.

ನನಗೆ ಮನಸ್ಸಿದ್ದದ್ದು ಲಾರಿಯ ಮೇಲೆ ಕೂರಿಸಿದ ಎತ್ತರದ ಲಿಫ್ಟಿನ ಮೇಲೆ. ಬೀದಿದೀಪ ಸರಿಮಾಡಲು ಬರುತ್ತದಲ್ಲ, ಅಂಥದ್ದು. ಪಕ್ಕದಲ್ಲಿ ನಮ್ಮಿಬ್ಬರ ಹೆಸರು ಬರೆಸಬೇಕು, ಹೈವೇನಲ್ಲಿ ಹೋಗುವಾಗ ಜನ ಓದಬೇಕು ಎಂದೆಲ್ಲ ಆಸೆಪಟ್ಟಿದ್ದೆ. ಮಾರುವವರು ತಂದು ತೋರಿಸುತ್ತೇವೆ ಎಂದರು. ನೇಕಾರರ ಬೀದಿಯಲ್ಲಿ ಒಂದು ಬೇವಿನ ಕೆಲಸವಿತ್ತು, ಅಲ್ಲಿಗೇ ಕರೆಸಿದೆ. ಲಾರಿ ಬೀದಿಯೊಳಕ್ಕೇನೋ ಬಂತು. ಆದರೆ ಎತ್ತರಕ್ಕೆ ಹೋಗಬೇಕಾದರೆ ಅದು ಎರಡೂ ಪಕ್ಕಕ್ಕೆ ಕಬ್ಬಿಣದ ಕಾಲು ಚಾಚಿ ಊರಬೇಕು. ಒಂದು ಕಾಲು ಚರಂಡಿಯ ಮೇಲಕ್ಕೆ ಬಂತು, ಇನ್ನೊಂದು ಮಗ್ಗದ ಮನೆಯ ಬಾಗಿಲಿಗೆ. ಒಳಗೆ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ಮನೆಯ ಯಜಮಾನರು ಹೊರಗೆ ಬಂದು, ಕಾಲು ಒಳಗಿಡೋದಾದ್ರೆ ಬಲಗಾಲು ಮೊದಲು ಇಡ್ಸಿ ಎಂದರು. ಬೀದಿಯೆಲ್ಲ ನಕ್ಕಿತು, ಮಾರಲು ಬಂದವನೂ ನಕ್ಕ.

ಬಾಬಾಜಾನ್ ಮಾತ್ರ ನಗಲಿಲ್ಲ. ಲಾರಿ ಹಿಂದೆ ಹೋದ ಮೇಲೆ ಕೇಳಿದ.

"ಅದರ ತೊಟ್ಟಿಲಲ್ಲಿ ಗಂಗಾಧರ ನಿಂತ್ಕೊಂಡು ಕುಯ್ತಾನೆ. ಕೆಳಗೆ ನೀನಿರ್ತೀಯ. ನಾನು ಏನ್ ಮಾಡ್ಲಿ ಗುರು?"

ಯಂತ್ರ ಎಷ್ಟು ಎತ್ತರ ಹೋಗುತ್ತದೆ ಎಂದು ಕೇಳಿದ್ದೆನೇ ಹೊರತು ಅದರಲ್ಲಿ ಅವನು ಎಲ್ಲಿರುತ್ತಾನೆ ಎಂದು ಕೇಳಿಕೊಂಡಿರಲಿಲ್ಲ. ಲಿಫ್ಟಿನ ಆಸೆ ಅವತ್ತೇ ಬಿಟ್ಟೆ.

ಅದೇ ಸಮಯಕ್ಕೆ ಬೂದಿಗೆರೆಯಿಂದ ಜಯಮ್ಮ ಎನ್ನುವವರು ಫೋನು ಮಾಡಿದರು. ಹಳೇ ಗಿರಾಕಿ. ಗಾಳಿಗೆ ಹಿತ್ತಲಿನ ಮಳೆಮರ ಉರುಳಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಲಗಿತ್ತು. ಗಂಗಾಧರ ಗರಗಸ ಹಿಡಿದು ತುಂಡು ಮಾಡಿದ. ಆದರೆ ಬುಡದ ಕಡೆಯ ತುಂಡುಗಳು ಎಂಥವರಿಗೂ ಜಗ್ಗುವಂತಿರಲಿಲ್ಲ. ಮೊದಲಾಗಿದ್ದರೆ ಬಾಬಾಜಾನ್ ಒಂದು ಪಕ್ಕ, ನಾನು ಒಂದು ಪಕ್ಕ ಹಾರೆ ಕೊಟ್ಟು ಉರುಳಿಸುತ್ತಿದ್ದೆವು. ಈ ಸಲ ಮನೆಯ ಪಾಯ ತೋಡುವ ಸಣ್ಣ ಯಂತ್ರವೊಂದನ್ನು ಬಾಡಿಗೆಗೆ ತಂದೆ. ಇಂಥದ್ದೇ ಒಂದನ್ನು ಕೊಂಡರೆ ಹೇಗಿರುತ್ತದೆ ಎಂದು ನೋಡುವುದೂ ನನ್ನ ಲೆಕ್ಕದಲ್ಲಿತ್ತು.

ಮರದವರು ಸ್ಥಳಕ್ಕೆ ಹೋದರೆ ಮೊದಲು ತಲೆ ಎತ್ತಿ ನೋಡುತ್ತೇವೆ. ತಂತಿ ಎಲ್ಲಿದೆ, ಕೊಂಬೆ ಎಲ್ಲಿ ಸಿಕ್ಕಿಕೊಂಡಿದೆ, ಜೇನಿದೆಯಾ. ಅವತ್ತೂ ಅದನ್ನೆಲ್ಲ ನೋಡಿದೆವು. ಗೇಟು ಅಳೆದೆವು, ಸಂದಿ ಅಳೆದೆವು. ನಮ್ಮ ಕಡೆ ಪ್ರತಿ ಮನೆಗೂ ನೆಲದೊಳಗೆ ನೀರಿನ ಸಂಪು ಇರುತ್ತದೆ, ಅದು ಎಲ್ಲಿ ಎಂದೂ ಕೇಳಿದೆ. ಮುಂದೆ, ಕಾರು ನಿಲ್ಲಿಸುವ ಕಡೆ ಎಂದು ಜಯಮ್ಮ ತೋರಿಸಿದರು. ಹಾಗಾದರೆ ಪಕ್ಕದ ಸಂದಿಯಿಂದ ಹೋಗೋಣ ಎಂದು ಯಂತ್ರದವನಿಗೆ ಹೇಳಿದೆ. ಸಂದಿಗೆ ಒಳ್ಳೆಯ ಟೈಲ್ಸ್ ಹಾಕಿಸಿದ್ದರು. ಯಂತ್ರ ಸಂದಿಯ ಅರ್ಧಕ್ಕೆ ಹೋಗಿತ್ತು, ಟೈಲ್ಸಿನ ಕೆಳಗಿಂದ ಟಪ್ ಎಂದು ಒಂದು ಸದ್ದು ಬಂತು. ಯಂತ್ರ ನಿಧಾನವಾಗಿ ಹಿಂದಕ್ಕೆ ಕುಕ್ಕರಿಸಿತು. ಓಡಿಸುತ್ತಿದ್ದವನು ಹಾರಿ ಗೋಡೆ ಹಿಡಿದುಕೊಂಡ.

ಕೆಳಗೆ ಇನ್ನೊಂದು ಸಂಪು. ಜಯಮ್ಮನ ಮಾವನವರ ಕಾಲದ್ದು. ಹೊಸ ಮನೆ ಕಟ್ಟಿದಾಗ ಅದರ ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮೇಲೆ ಟೈಲ್ಸ್ ಹಾಕಿ, ಮನೆಯವರೆಲ್ಲ ಮರೆತೇಬಿಟ್ಟಿದ್ದರು. ಜಯಮ್ಮ ಬಗ್ಗಿ ಒಳಗೆ ನೋಡಿ, ಅಯ್ಯೋ ಇದು ಇಲ್ಲಿತ್ತಲ್ಲ, ನಾನು ಮದುವೆಯಾಗಿ ಬಂದಾಗ ಇದರಿಂದಲೇ ನೀರು ಸೇದ್ತಿದ್ದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಅದಿರಲಿ, ನನ್ನ ಒಗೆಯೋ ಕಲ್ಲು ಯಾವಾಗ ಬಿಡಿಸ್ತೀಯಪ್ಪಾ ಎಂದು ಕೇಳಿದರು. ಯಂತ್ರವನ್ನು ಮೇಲೆತ್ತಲು ಇನ್ನೊಂದು ಯಂತ್ರ ಬರಬೇಕಾಯಿತು. ಅದನ್ನು ಬೀದಿಯಲ್ಲೇ ನಿಲ್ಲಿಸಿ, ಉದ್ದನೆಯ ಸರಪಳಿ ಹಾಕಿ ಎಳೆಸಿದೆವು. ಸಂಪಿಗೆ ಮಣ್ಣು ತುಂಬಿಸಿ ಮುಚ್ಚಿಸುತ್ತೇವೆ ಎಂದು ಒಪ್ಪಿಕೊಂಡೆವು. ಮರದ ತುಂಡುಗಳು ಇದ್ದಲ್ಲೇ ಉಳಿದವು. ಅಂದಿನಿಂದ ದಿನಾ ಬೆಳಗ್ಗೆ ಜಯಮ್ಮನ ಫೋನು. ನನ್ನ ಹೆಂಡತಿ ಯಾರದು ಎಂದು ಕೇಳುವುದನ್ನೇ ಬಿಟ್ಟಳು, ಒಗೆಯೋ ಕಲ್ಲು ಎಂದು ಹೇಳಿ ಫೋನು ಕೊಡುತ್ತಿದ್ದಳು.

ಅವತ್ತು ಬೂದಿಗೆರೆಯಿಂದ ವಾಪಸು ಬರುವಾಗ ದಾರಿಯಲ್ಲಿ ಟೀ ಕುಡಿಯಲು ನಿಂತೆವು. ನಾನು ಯಂತ್ರಗಳನ್ನೆಲ್ಲ ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ಬಾಬಾಜಾನ್ ನನ್ನನ್ನು ತಡೆದು ಹೇಳಿದ.

"ಮಿಷನ್ನಿಂದು ತಪ್ಪೇನಿಲ್ಲ ಕಣೋ. ಓಡಿಸೋನು ಒಂದೇ ಸಲಕ್ಕೆ ಪೂರ್ತಿ ಭಾರ ಬಿಟ್ಟ. ನಾನಾಗಿದ್ರೆ ಕೊಂಬೆ ಮೇಲೆ ಹಂಗೆ ಕಾಲಿಡ್ತಿರ್ಲಿಲ್ಲ."

ನಾನು ಟೀ ಲೋಟ ಹಿಡಿದುಕೊಂಡು ಅವನನ್ನೇ ನೋಡಿದೆ. ತಾನೇನು ಹೇಳಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ನಮಗೆ ಬೇಕಾದ ಯಂತ್ರ ಯಾವುದು ಎಂದು ಇನ್ನೂ ಗೊತ್ತಿಲ್ಲದಿದ್ದರೂ ಅದನ್ನು ಓಡಿಸುವವನು ಯಾರು ಎಂದು ನನಗೆ ಆ ಕ್ಷಣದಲ್ಲಿ ಗೊತ್ತಾಯಿತು. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನನ್ನ ಮೇಲೆ ಕನಿಕರ ತೋರಿಸಬೇಡ ಎಂದು ಎದ್ದು ಹೋಗುತ್ತಿದ್ದ. ಹತ್ತುವವರಿಗೆ ಸ್ವಾಭಿಮಾನ ಜಾಸ್ತಿ, ಮೇಲಿಂದ ನೋಡಿ ನೋಡಿ ಬಂದಿರುತ್ತದೆ.

ಅಲ್ಲಿಂದಾಚೆಗೆ ನಾನು ಯಂತ್ರ ನೋಡುವ ರೀತಿ ಬದಲಾಯಿತು. ನೆಲಮಂಗಲದ ಹತ್ತಿರ ಒಂದು ಅಂಗಳದಲ್ಲಿ ಸಣ್ಣ ಲೋಡರ್‌ಗಳನ್ನು ಇಟ್ಟಿದ್ದಾರೆ ಎಂದು ಯಾರೋ ಹೇಳಿದರು. ಕಾರಿಗಿಂತ ಚಿಕ್ಕದು, ಹಿಂದೆ ನಿಂತುಕೊಂಡು ಓಡಿಸಬೇಕು, ಚಕ್ರದ ಬದಲು ಅಗಲವಾದ ರಬ್ಬರ್ ಪಟ್ಟಿ. ಮುಂದುಗಡೆ ಬೇಕಾದ ತಲೆ ಹಾಕಿಕೊಳ್ಳಬಹುದು. ಬಕೆಟ್ ಹಾಕಿದರೆ ಮಣ್ಣು ಎತ್ತುತ್ತದೆ, ಇಕ್ಕಳದಂಥ ಹಿಡಿ ಹಾಕಿದರೆ ದಿಮ್ಮಿ ಕಚ್ಚಿ ಎತ್ತುತ್ತದೆ, ಹಲ್ಲಿನ ಚಕ್ರ ಹಾಕಿದರೆ ನೆಲದಲ್ಲಿರುವ ಬೊಡ್ಡೆಯನ್ನು ಅರೆದು ಪುಡಿ ಮಾಡುತ್ತದೆ. ಒಂದೇ ಯಂತ್ರ, ಹಲವು ಕೆಲಸ. ಒತ್ತಾಯ ಮಾಡಿ ಬಾಬಾಜಾನನನ್ನೂ ಕರೆದುಕೊಂಡು ಹೋದೆ. ಅವನು ಗೇಟಿನ ಹತ್ತಿರದ ಹೊಂಗೆಮರದ ಕೆಳಗೆ ಕುಳಿತ, ನೀನೇ ನೋಡಿಕೊಂಡು ಬಾ ಎಂದ.

ಅಲ್ಲಿ ಎರಡು ಬಗೆಯದು ಇತ್ತು. ಮೊದಲನೆಯದಕ್ಕೆ ಶಕ್ತಿ ಹೆಚ್ಚು, ಎತ್ತುವ ಭಾರವೂ ಹೆಚ್ಚು, ಬಣ್ಣವೂ ಕಣ್ಣು ಕುಕ್ಕುವಂತಿತ್ತು. ಎರಡನೆಯದು ನೋಡಲು ಸಾಧಾರಣ. ಮಾರುವವನು ಒಳ್ಳೆಯ ಹುಡುಗ, ಬೇಸರವಿಲ್ಲದೆ ಎಲ್ಲ ಹೇಳಿದ. ನಾನು ಕೇಳಿದ್ದನ್ನು ನೀವೂ ಕೇಳಿ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಂಡ ಅತಿ ಕಿರಿದಾದ ಗೇಟಿನಷ್ಟು ಅಗಲಕ್ಕೆ ಒಂದು ಹಗ್ಗ ಕತ್ತರಿಸಿ ತಂದಿದ್ದೆ, ಅದನ್ನು ಯಂತ್ರಕ್ಕೆ ಹಿಡಿದು ನೋಡಿದೆ. ಖಾಲಿ ಇದ್ದಾಗ ಎಷ್ಟು ತೂಕ, ದಿಮ್ಮಿ ಕಚ್ಚಿದಾಗ ನೆಲಕ್ಕೆ ಎಷ್ಟು ಒತ್ತಡ ಬೀಳುತ್ತದೆ ಎಂದು ಕೇಳಿದೆ. ನಮ್ಮ ಹಳೇ ಗೂಡ್ಸ್ ಗಾಡಿಯ ಮೇಲೆ ಹತ್ತಿಸಬಹುದೇ, ಇಲ್ಲ ಅದಕ್ಕೆ ಇನ್ನೊಂದು ಗಾಡಿ ಬೇಕೇ? ಕೆಟ್ಟು ನಿಂತರೆ ಮೆಕ್ಯಾನಿಕ್ ಎಲ್ಲಿಂದ ಬರುತ್ತಾನೆ? ನಮ್ಮ ಗಾಡಿಗೆ ಅದರ ಭಾರ ತಡೆಯದು ಎಂದ ಹುಡುಗ. ನಿಜ ಹೇಳಿದ್ದಕ್ಕೆ ಅವನ ಮೇಲೆ ನಂಬಿಕೆ ಬಂತು. ಹಿಂದೆ ಕಟ್ಟಿಕೊಂಡು ಹೋಗುವ ಟ್ರಾಲಿಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡೆ.

ತಲೆಗಳನ್ನು ಕಂಡಾಗ ಮಾತ್ರ ನನಗೂ ಆಸೆ ಹತ್ತಿತು. ಸೊಪ್ಪು ಪುಡಿ ಮಾಡುವುದು, ಗುಂಡಿ ತೋಡುವುದು, ಗುಡಿಸುವುದು, ಎಲ್ಲ ಇತ್ತು. ವಾರವಾರವೂ ಯಾವುದು ಬೇಕು ಎಂದು ನನ್ನನ್ನೇ ಕೇಳಿಕೊಂಡೆ. ಹಿಡಿ ಮತ್ತು ಬೊಡ್ಡೆ ಅರೆಯುವ ಚಕ್ರ, ಎರಡೇ ಉಳಿದವು. ಮಿಕ್ಕದ್ದು ಬೇಕಾದಾಗ ಬಾಡಿಗೆಗೆ ಸಿಗುತ್ತದೆ. ಮೂಲೆಯಲ್ಲಿ ತುಕ್ಕು ಹಿಡಿಯುವ ಸಾಮಾನಿಗೆ ದಿನಾ ನಮಸ್ಕಾರ ಹಾಕಿಕೊಂಡು ಕೂರುವ ವಯಸ್ಸು ನನ್ನದಾಗಿರಲಿಲ್ಲ.

ಆಮೇಲೆ ಹುಡುಗನಿಗೆ, ತಲೆ ಬದಲಾಯಿಸುವುದು ತೋರಿಸಪ್ಪ ಎಂದೆ. ಮೊದಲನೆಯ ಯಂತ್ರಕ್ಕೆ ಎರಡು ದಪ್ಪ ಮೊಳೆ. ಒಂದು ಕೈಯಲ್ಲಿ ತಲೆಯನ್ನು ಅಲ್ಲಾಡಿಸುತ್ತಾ ಇನ್ನೊಂದು ಕೈಯಲ್ಲಿ ಸುತ್ತಿಗೆ ಹೊಡೆದು ಅವನ್ನು ಇಳಿಸಬೇಕು. ಎರಡನೆಯದಕ್ಕೆ ಸೊಂಟದ ಮಟ್ಟದಲ್ಲಿ ಎರಡು ಹಿಡಿಕೆ, ಎಳೆದರೆ ಬಿಡುತ್ತದೆ, ತಳ್ಳಿದರೆ ಕಚ್ಚುತ್ತದೆ. ಎಣ್ಣೆ ಪೈಪು ಸಿಕ್ಕಿಸುವ ಜಾಗವೂ ಕೈಗೆಟಕುವ ಹಾಗಿತ್ತು. ನಾನು ಹೊಂಗೆಮರದ ಕಡೆ ತಿರುಗಿ ಬಾಬಾಜಾನನನ್ನು ಕರೆದೆ.

"ಲೇ ಬಾಬು, ಬಾ ಇಲ್ಲಿ. ಈ ತಲೆ ಬಿಚ್ಚು. ಎಡಗೈಯಲ್ಲೇ ಬಿಚ್ಚಬೇಕು."

ಹುಡುಗನಿಗೆ ಅರ್ಥವಾಗಲಿಲ್ಲ. ಎರಡು ಕೈಯಲ್ಲಿ ಸುಲಭ ಅಂಕಲ್ ಎಂದ. ನೀನು ಸುಮ್ಮನಿರಪ್ಪ ಎಂದೆ. ಬಾಬಾಜಾನ್ ಒಲ್ಲದ ಮನಸ್ಸಿನಿಂದ ಎದ್ದು ಬಂದ. ಯಂತ್ರದ ಸುತ್ತ ಒಂದು ಸುತ್ತು ಬಂದು, ಇಂಜಿನ್ ಆಫ್ ಮಾಡಿಸಿ, ಹುಡುಗ ಹೇಳಿದ ಹಾಗೆ ಪೈಪಿನ ಒತ್ತಡ ಇಳಿಸಿದ. ಎಡಗೈಯಲ್ಲಿ ಒಂದು ಹಿಡಿಕೆ ಎಳೆದ, ಆಮೇಲೆ ಇನ್ನೊಂದು. ಪೈಪು ಬಿಚ್ಚಿದ. ಯಂತ್ರವನ್ನು ಹಿಂದಕ್ಕೆ ತೆಗೆಸಿ, ಬೊಡ್ಡೆ ಚಕ್ರದ ಮುಂದೆ ತರಿಸಿ, ಅದನ್ನು ಕಚ್ಚಿಸಿದ. ಎಲ್ಲ ಎಡಗೈಯಲ್ಲೇ. ಬಲಗೈ ಜೇಬಿನಲ್ಲಿತ್ತು. ಮುಗಿದ ಮೇಲೆ ನನ್ನ ಮುಖ ನೋಡಿದ, ಅಷ್ಟು ವರ್ಷ ಹಗ್ಗದ ಜಗ್ಗಿನಲ್ಲೇ ಮಾತು ತಿಳಿದುಕೊಂಡವನಿಗೆ ಬಿಡಿಸಿ ಹೇಳುವುದು ಬೇಕಾಗಲಿಲ್ಲ.

"ಇದೇ ಸಾಕು" ಎಂದು ಹುಡುಗನಿಗೆ ಹೇಳಿದೆ. ಅದಕ್ಕೆ ಪವರ್ ಕಮ್ಮಿ ಅಂಕಲ್ ಎಂದು ಅವನು ಮತ್ತೆ ನೆನಪಿಸಿದ. ಗೊತ್ತು ಎಂದೆ. ನನ್ನ ವೃತ್ತಿಯಲ್ಲಿ ನಾನು ಮಾಡಿದ ತೀರ್ಮಾನಗಳಲ್ಲಿ ಇದರಷ್ಟು ಹೆಮ್ಮೆಯದು ಇನ್ನೊಂದಿಲ್ಲ. ಈಗಲೂ ಹೇಳಿಕೊಳ್ಳುತ್ತೇನೆ, ಸಂಕೋಚವೇನೂ ಇಲ್ಲ.

ಬಾಬಾಜಾನ್ ಮಾತ್ರ ಆಗಲೂ ಇರುತ್ತೇನೆ ಎಂದು ಹೇಳಲಿಲ್ಲ. ಜಯಮ್ಮನ ಕೆಲಸ ಮುಗಿಸಿಕೊಡುತ್ತೇನೆ, ಆಮೇಲೆ ನೋಡೋಣ ಎಂದ. ಸೋಂಪುರದವರು ಕೊಟ್ಟ ಗಡುವು ಹತ್ತಿರ ಬಂದಿತ್ತು. ಅಳತೆ ನೋಡಲೆಂದು ಒಂದು ಜೊತೆ ಬೂಟನ್ನೂ ಅವನ ಮನೆಗೆ ಕಳಿಸಿದ್ದರು.

ಯಂತ್ರ ಬಂದ ಮೇಲೆ ನಮ್ಮ ಹಳ್ಳಿಯ ಖಾಲಿ ಹೊಲದಲ್ಲಿ ಕೆಲವು ದಿನ ಓಡಿಸಿ ಕಲಿತ. ಮೊದಮೊದಲು ಯಂತ್ರ ಅವನನ್ನು ಚೆನ್ನಾಗಿ ಕುಣಿಸಿತು. ಒಂದು ಸಲ ಹಿಡಿಯಲ್ಲಿ ದಿಮ್ಮಿ ಕಚ್ಚಿಕೊಂಡು ಹಿಂದೆ ಹೋಗುವ ಬದಲು ಮುಂದೆ ಹೋಗಿ ನನ್ನ ಸೈಕಲ್ಲನ್ನು ಚಪ್ಪಟೆ ಮಾಡಿದ. ಹಳೇದಾಗಿತ್ತು ಬಿಡು ಎಂದು ಅವನೇ ನನಗೆ ಸಮಾಧಾನ ಹೇಳಿದ.

ಬೂದಿಗೆರೆಗೆ ಹೋದ ದಿನ ಜಯಮ್ಮ ಬಾಗಿಲಲ್ಲೇ ನಿಂತಿದ್ದರು. ಯಂತ್ರ ನೋಡಿ, ಇಷ್ಟು ಪುಟ್ಟದ್ದು ಎತ್ತುತ್ತದಾ ಎಂದರು. ಬಾಬಾಜಾನ್ ಅದನ್ನು ಟ್ರಾಲಿಯಿಂದ ಇಳಿಸಿ ಗೇಟಿನ ಹೊರಗೇ ನಿಲ್ಲಿಸಿದ. ಚಪ್ಪಲಿ ಬಿಟ್ಟ. ಸಂದಿಯ ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ನಡೆದ. ಒಂದೊಂದು ಹೆಜ್ಜೆಗೂ ಮೊದಲು ಕಾಲಿಟ್ಟು, ಸ್ವಲ್ಪ ಒತ್ತಿ, ಕಾದು, ಆಮೇಲೆ ಭಾರ ಬಿಟ್ಟ. ನೆಲದ ಮೇಲೆ ನಡೆಯುತ್ತಿದ್ದರೂ ಅವನು ಮರದ ಮೇಲೇ ಇದ್ದ. ಸಂಪು ಮುಚ್ಚಿದ ಜಾಗಕ್ಕೆ ಬಂದಾಗ ಹಾರೆಯ ಹಿಂಬದಿಯಿಂದ ತಟ್ಟಿ ಸದ್ದು ಕೇಳಿ, ಮಣ್ಣು ಇನ್ನೂ ಕೂತಿಲ್ಲ, ದಪ್ಪ ಹಲಗೆ ಹಾಸಬೇಕು ಎಂದ. ನಾನೂ ಗಂಗಾಧರನೂ ಗುಂಡಿಯ ಎರಡೂ ಕಡೆ ಗಟ್ಟಿ ನೆಲದ ಮೇಲೆ ತುದಿ ಕೂರುವಂತೆ ಹಲಗೆ ಹಾಸಿದೆವು.

ಆಮೇಲೆ ಯಂತ್ರ ಹತ್ತಿದ. ಹಲಗೆಯ ಮೇಲೆ ಮೂತಿಯಷ್ಟನ್ನೇ ಇಟ್ಟು ನಿಲ್ಲಿಸಿದ. ಕಾದ. ಇನ್ನಷ್ಟು ಮುಂದೆ ಬಿಟ್ಟು ಮತ್ತೆ ಕಾದ. ಹಲಗೆ ಅಲ್ಲಾಡಲಿಲ್ಲ. ಯಂತ್ರ ಹಿತ್ತಲಿಗೆ ಇಳಿಯಿತು. ಬುಡದ ತುಂಡುಗಳನ್ನು ಒಂದೊಂದಾಗಿ ಕಚ್ಚಿ, ನೆಲಕ್ಕೆ ಹತ್ತಿರದಲ್ಲೇ ಹಿಡಿದು, ಸಂದಿಯಲ್ಲಿ ಗೋಡೆಗೆ ಒಂದು ಗೆರೆಯೂ ಬೀಳದ ಹಾಗೆ ಹೊರಗೆ ತಂದ. ದಪ್ಪನೆಯದನ್ನು ಮೊದಲೇ ಎರಡು ಹೋಳು ಮಾಡಿಸಿದ, ಹಲಗೆಯ ಮೇಲೆ ಅಷ್ಟು ಭಾರ ಬೇಡ ಎಂದು. ಕೊನೆಗೆ ಎಡಗೈಯಲ್ಲೇ ತಲೆ ಬದಲಾಯಿಸಿ, ಹಿತ್ತಲಿನ ಬೊಡ್ಡೆಯನ್ನು ಅರೆದು ನೆಲಸಮ ಮಾಡಿದ. ಒಗೆಯೋ ಕಲ್ಲು ಹೊರಗೆ ಬಂತು, ಮೂಲೆಯೊಂದು ಚೂರು ಮುಕ್ಕಾಗಿತ್ತು ಅಷ್ಟೆ. ಜಯಮ್ಮ ಅದರ ಮೇಲೆ ಒಂದು ಬಿಂದಿಗೆ ನೀರು ಸುರಿದು, ಕೈಯಿಂದ ಒರೆಸಿ, ಒಳಗೆ ಹೋಗಿ ಎಲ್ಲರಿಗೂ ಮಜ್ಜಿಗೆ ತಂದರು.

ಗಂಗಾಧರ ಗುಡಿಸಿ ಮುಗಿಸಿದ. ನಾನು ಚಪ್ಪಲಿ ಬಿಡಲು ಬಗ್ಗಿದೆ. ಬಾಬಾಜಾನ್ ಕೈಯಾಡಿಸಿ ನನ್ನನ್ನು ತಡೆದು, ತಾನೇ ಹಿತ್ತಲಿಗೆ ಹೋಗಿ, ಮರ ಬಿದ್ದಿದ್ದ ಜಾಗದಲ್ಲೆಲ್ಲ ನಿಧಾನವಾಗಿ ನಡೆದ. ಕಲ್ಲಿನ ಸುತ್ತ ನಡೆದ, ಸಂದಿಯಲ್ಲಿ ನಡೆದ, ಮುಚ್ಚಿದ ಸಂಪಿನ ಹತ್ತಿರ ಒಂದು ಕ್ಷಣ ನಿಂತ. ನನಗೆ ಶಿವಶಂಕರಯ್ಯನವರ ಮಡಿಚಿದ ಪ್ಯಾಂಟು ಕಣ್ಣಿಗೆ ಬಂತು.

ವಾಪಸು ಬಂದವನನ್ನು ಏನಾದರೂ ಚುಚ್ಚಿತಾ ಎಂದು ಕೇಳಿದೆ. ಇಲ್ಲ ಎಂದ. ಯಂತ್ರದ ಪಟ್ಟಿಯ ಮೇಲೆ ಕುಳಿತು ಅಂಗಾಲಿನ ಮಣ್ಣು ಒರೆಸಿಕೊಂಡ. ಚಪ್ಪಲಿ ಹಾಕಿಕೊಳ್ಳಲು ಅವಸರ ಮಾಡಲಿಲ್ಲ.

"ಸೋಂಪುರದಲ್ಲಿ ದಿನವೆಲ್ಲ ಬೂಟು ಹಾಕ್ಕೊಂಡು ನಿಂತಿರ್ಬೇಕಂತೆ ಕಣೋ" ಎಂದ. "ನನ್ನ ಕಾಲಿಗೆ ಅದು ಆಗಲ್ಲ."

ನನಗೆ ಕಣ್ಣು ತುಂಬಿಬಂತು. ಅವನು ನೋಡಬಾರದೆಂದು ಹಗ್ಗ ಸುತ್ತಲು ಶುರು ಮಾಡಿದೆ. ಸುತ್ತುತ್ತಿದ್ದ ಹಗ್ಗದ ಇನ್ನೊಂದು ತುದಿಯನ್ನು ಅವನು ಎಡಗೈಯಲ್ಲಿ ಹಿಡಿದು ಸುಮ್ಮನೆ ಅಲ್ಲಾಡಿಸಿದ. ಜೇಬಿನಿಂದ ಬೀಡಿ ತೆಗೆದುಕೊಟ್ಟೆ.